ಊರು ಒಂದೇ ಇರಲಿ, ರಾತ್ರಿ ಮೂರಿರಲಿ

ದಸರಾ ರಜೆ ಹತ್ತಿರ ಬಂತೆಂದರೆ ಮಧ್ಯಮ ವರ್ಗದ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಹಂಪಿಗೆ ಹೋಗಿಬರೋಣ ಎಂದು ಒಬ್ಬರು ಅಂದರೆ, ಅಷ್ಟು ದೂರ ಹೋದಮೇಲೆ ಬಾದಾಮಿ ಬಿಟ್ಟು ಬರುವುದೇ ಎಂದು ಇನ್ನೊಬ್ಬರು ಕೇಳುತ್ತಾರೆ. ಬಾದಾಮಿಗೆ ಹೋದರೆ ಪಟ್ಟದಕಲ್ಲು, ಐಹೊಳೆ ಪಕ್ಕದಲ್ಲೇ ಇವೆ, ಅಲ್ಲಿಂದ ವಿಜಯಪುರದ ಗೋಳಗುಮ್ಮಟವೇನು ಮಹಾ ದೂರ? ಹೀಗೆ ನಾಲ್ಕು ದಿನದ ರಜೆಯೊಳಗೆ ಐದು ಊರು ತುಂಬಿಕೊಳ್ಳುತ್ತವೆ. ಖರ್ಚಿನ ಮೊತ್ತ ಕೂಡಿಸಿದಾಗ ಎರಡರಲ್ಲಿ ಒಂದು ಆಗುತ್ತದೆ: ಈ ವರ್ಷ ಬೇಡ ಬಿಡಿ ಎಂಬ ತೀರ್ಮಾನ, ಇಲ್ಲವೇ ಕ್ರೆಡಿಟ್ ಕಾರ್ಡಿನ ಮೇಲೆ ಸಾಲ. ಮನೆಯ ಲೆಕ್ಕ ಬರೆಯುತ್ತ ಬಂದ ಇಷ್ಟು ವರ್ಷಗಳಲ್ಲಿ ನನಗೆ ಖಚಿತವಾಗಿರುವ ಮಾತೊಂದಿದೆ. ಮನೆಮಂದಿಯ ಪ್ರವಾಸ ಕೈ ಸುಡುವುದು ಹೋದ ಊರಿನಿಂದಲ್ಲ, ಊರಿಂದೂರಿಗೆ ಓಡುವುದರಿಂದ. ಒಂದೇ ಊರು ಆರಿಸಿಕೊಂಡು ಅಲ್ಲೇ ಮೂರು ರಾತ್ರಿ ತಂಗಿದರೆ ಹಣವೂ ಉಳಿಯುತ್ತದೆ, ನೋಡಿದ್ದೂ ಮನಸ್ಸಿನಲ್ಲಿ ಉಳಿಯುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಬೆಂಗಳೂರಿನಿಂದ ಹಂಪಿ ಸುಮಾರು 340 ಕಿಲೋಮೀಟರ್. ಅಲ್ಲಿಂದ ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಿ ವಿಜಯಪುರ ನೋಡಿಕೊಂಡು ವಾಪಸ್ ಬೆಂಗಳೂರಿಗೆ ಬರುವಷ್ಟರಲ್ಲಿ 1,150 ಕಿಲೋಮೀಟರ್ ಆಗಿಹೋಗುತ್ತದೆ. ಬಾಡಿಗೆ ಕಾರಿಗೆ ಕಿಲೋಮೀಟರಿಗೆ 14 ರೂಪಾಯಿ, ಡ್ರೈವರ್ ಬಾಟಾ ದಿನಕ್ಕೆ 500 ರೂಪಾಯಿ ಎಂದಿಟ್ಟುಕೊಂಡರೆ ನಾಲ್ಕು ದಿನಕ್ಕೆ 18,100 ರೂಪಾಯಿ. ಟೋಲ್ ಮತ್ತು ಪಾರ್ಕಿಂಗ್ ಇದರ ಮೇಲೆ. ಬಾಡಿಗೆ ಕಾರಿನವರು ದಿನಕ್ಕೆ ಕನಿಷ್ಠ 250 ಇಲ್ಲವೇ 300 ಕಿಲೋಮೀಟರ್ ಎಂದು ಹಿಡಿಯುತ್ತಾರೆ ಎಂಬುದೂ ನೆನಪಿರಲಿ. ಗಾಡಿ ನಿಂತಲ್ಲೇ ನಿಂತಿದ್ದರೂ ಮೀಟರ್ ಓಡಿದಂತೆಯೇ ಲೆಕ್ಕ. ಈಗ ಹಂಪಿಯೊಂದನ್ನೇ ಇಟ್ಟುಕೊಳ್ಳಿ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಹೊಸಪೇಟೆ ಮುಟ್ಟುತ್ತದೆ. ಸ್ಲೀಪರ್ ಟಿಕೆಟ್ ಮುನ್ನೂರರ ಆಸುಪಾಸು. ನಾಲ್ಕು ಜನ ಹೋಗಿಬರಲು 2,400 ರೂಪಾಯಿ ಸಾಕು. ಅಲ್ಲಿ ನಾಲ್ಕು ದಿನವೂ ಆಟೋಗೆ ಸಾವಿರದಂತೆ ಕೊಟ್ಟರೂ ಓಡಾಟದ ಒಟ್ಟು ಖರ್ಚು 6,400 ರೂಪಾಯಿ. ಊಟ, ವಸತಿ ಎರಡು ಕಡೆಯೂ ಒಂದೇ ಎಂದುಕೊಂಡರೂ ಓಡಾಟವೊಂದರಲ್ಲೇ 11,700 ರೂಪಾಯಿ ಉಳಿಯಿತು.

ಊಟ, ವಸತಿ ಕೂಡ ನಿಜವಾಗಿ ಒಂದೇ ಆಗಿರುವುದಿಲ್ಲ. ದಿನಕ್ಕೊಂದು ಊರು ಎಂದು ಹೊರಟವರು ರಾತ್ರಿ ಒಂಬತ್ತಕ್ಕೆ ರೂಮು ಸೇರಿ ಬೆಳಿಗ್ಗೆ ಏಳಕ್ಕೆ ಖಾಲಿ ಮಾಡುತ್ತಾರೆ. ಬಾಡಿಗೆ ಪೂರ್ತಿ ದಿನದ್ದು, ಬಳಸಿದ್ದು ಹತ್ತು ಗಂಟೆ, ಅದೂ ನಿದ್ದೆಯಲ್ಲಿ. ಮೂರು ರಾತ್ರಿ ಒಂದೇ ಕಡೆ ಇರುತ್ತೇವೆ ಎಂದಾಗ ಮಾಲೀಕರ ಹತ್ತಿರ ದರ ಇಳಿಸಿ ಎಂದು ಕೇಳಲು ನಮಗೊಂದು ಕಾರಣ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ. ಊಟದ ವಿಷಯಕ್ಕೆ ಬಂದರೆ, ಹೆದ್ದಾರಿಯಲ್ಲಿ ಹೋಗುವವರು ಗಾಡಿ ನಿಂತ ಕಡೆ ಉಣ್ಣಬೇಕು, ಅವರು ಹೇಳಿದ ದರ ಕೊಡಬೇಕು. ಒಂದೇ ಊರಲ್ಲಿ ನಿಂತವರಿಗೆ ಎರಡನೆಯ ದಿನಕ್ಕೆ ಒಳ್ಳೆಯ ಖಾನಾವಳಿ ಯಾವುದು, ಬಿಸಿ ರೊಟ್ಟಿ ಎಣಗಾಯಿ ಎಲ್ಲಿ ಸಿಗುತ್ತದೆ, ಮಗುವಿಗೆ ರಾತ್ರಿ ಹಾಲು ಕಾಯಿಸಿಕೊಡುವವರು ಯಾರು ಎಂಬುದು ಗೊತ್ತಾಗಿರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ, ಅಷ್ಟು ದೂರ ಹೋಗಿ ಒಂದೇ ಊರು ನೋಡಿ ಬರುವುದೇ ಎಂಬುದು. ಈ ಮಾತಿನಲ್ಲಿ ಆಸೆ ಇದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ನೋಡುವುದು ಅಂದರೇನು? 1,150 ಕಿಲೋಮೀಟರಿಗೆ ಕಾರಿನೊಳಗೆ ಇಪ್ಪತ್ತು ಗಂಟೆಯಾದರೂ ಬೇಕು. ನಾಲ್ಕು ದಿನದಲ್ಲಿ ಎಚ್ಚರವಿರುವ ಹೊತ್ತಿನ ಮೂರನೇ ಒಂದು ಪಾಲು ಸೀಟಿನಲ್ಲೇ ಕಳೆಯಿತು. ಹಂಪಿಯ ವಿರೂಪಾಕ್ಷ ದೇವಸ್ಥಾನದ ಹಿಂಬದಿಯಲ್ಲಿ ಒಂದು ಕತ್ತಲೆ ಕೋಣೆಯಿದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ತೂರಿಬಂದು, ಆಚೆ ಪೂರ್ವದಲ್ಲಿರುವ ಒಂಬತ್ತು ಅಂತಸ್ತಿನ ಗೋಪುರ ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಬೇಕು, ಮಗು ಕೈ ಅಡ್ಡ ಹಿಡಿದು ನೆರಳು ಮಾಯವಾಗುವುದನ್ನು ನೋಡಬೇಕು, ಇದು ಹೀಗೇಕೆ ಎಂದು ಕೇಳಬೇಕು. ಬಾದಾಮಿಗೆ ಕತ್ತಲಾಗುವುದರೊಳಗೆ ಮುಟ್ಟಬೇಕೆಂದು ಗಡಿಯಾರ ನೋಡುವ ಮನೆಮಂದಿಗೆ ಈ ಹತ್ತು ನಿಮಿಷ ಸಿಗುವುದೇ ಇಲ್ಲ. ಬಿಟ್ಟುಹೋದ ಬಾದಾಮಿ ಎಲ್ಲಿಗೂ ಓಡಿಹೋಗುವುದಿಲ್ಲ. ಮುಂದಿನ ವರ್ಷ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಬಾದಾಮಿ ನಿಲ್ದಾಣದಲ್ಲೇ ಇಳಿಯಬಹುದು. ಒಂದು ಪ್ರವಾಸಕ್ಕೆ ತುರುಕಿದ ಐದು ಊರುಗಳು, ಬಿಡಿಸಿಟ್ಟರೆ, ಕೆಲವು ವರ್ಷಗಳಿಗೆ ಸಾಲುವ ಪ್ರವಾಸಗಳಾಗುತ್ತವೆ.

ವಯಸ್ಸಾದವರನ್ನೂ ಮಕ್ಕಳನ್ನೂ ಕಟ್ಟಿಕೊಂಡು ರೈಲು, ಬಸ್ಸು ಎಂದರೆ ಆಗುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಸಾಮಾನು ಹೊತ್ತು ನಿಲ್ದಾಣದ ಮೆಟ್ಟಿಲು ಹತ್ತುವುದು ಕಷ್ಟ, ಒಪ್ಪುತ್ತೇನೆ. ಸ್ವಂತ ಕಾರಿದ್ದರೆ ತೆಗೆದುಕೊಂಡು ಹೋಗಿ. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುವ ಕಾರಿಗೆ ಹಂಪಿಗೆ ಹೋಗಿಬರಲು ಐದು ಸಾವಿರದಷ್ಟು ಪೆಟ್ರೋಲ್ ಹಿಡಿಯುತ್ತದೆ. ಆದರೆ ಹಿರಿಯರಿಗೆ ನಿಜವಾಗಿ ತ್ರಾಸ ಕೊಡುವುದು ರೈಲೋ ಕಾರೋ ಎಂಬುದಲ್ಲ. ದಿನಾ ಬೆಳಿಗ್ಗೆ ಚೀಲ ಕಟ್ಟಿ ಹೊರಡುವುದು. ಒಂದೇ ಕಡೆ ತಂಗಿದರೆ ಅಜ್ಜಿಗೆ ಮಂಡಿ ನೋವು ಬಂದ ದಿನ ಅವರು ರೂಮಿನಲ್ಲೇ ಉಳಿದುಕೊಳ್ಳಬಹುದು, ಉಳಿದವರು ಹೊರಗೆ ಹೋಗಿಬರಬಹುದು. ಊರು ಬದಲಿಸುವ ಪ್ರವಾಸದಲ್ಲಿ ಅವರಿಗೆ ಆ ಬಿಡುವಿಲ್ಲ. ಬಸ್ಸಿನ ವಿಷಯದಲ್ಲಿ ಇನ್ನೊಂದು ಮಾತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಹೊಸಪೇಟೆಯಿಂದ ಹಂಪಿಗೆ ಬಸ್ಸಿನಲ್ಲೇ ಓಡಾಡಿದರೆ ನಾಲ್ವರ ಮನೆಯಲ್ಲಿ ತಾಯಿ, ಮಗಳ ಟಿಕೆಟ್ ಉಳಿಯುತ್ತದೆ.

ಟೂರ್ ಪ್ಯಾಕೇಜ್ ಇನ್ನೂ ಅಗ್ಗವಲ್ಲವೇ ಎನ್ನುವವರಿದ್ದಾರೆ. ಒಬ್ಬರೋ ಇಬ್ಬರೋ ಹೋಗುವುದಾದರೆ ಹೌದು. ಒಂಟಿಯಾಗಿ ಹೋಗುವ ಹಿರಿಯರಿಗೆ ನಾನೇ ಪ್ಯಾಕೇಜ್ ಹೇಳುತ್ತೇನೆ. ಆದರೆ ಪ್ಯಾಕೇಜಿನ ದರ ತಲೆ ಎಣಿಸಿ, ರೂಮಿನ ಬಾಡಿಗೆ ಬಾಗಿಲು ಎಣಿಸಿ. ನಾಲ್ವರ ಸಂಸಾರಕ್ಕೆ ಬಾಗಿಲ ಲೆಕ್ಕವೇ ಲಾಭ. ಸ್ಮಾರಕದ ಟಿಕೆಟ್ ಕೂಡ ಮನೆಮಂದಿಯ ಪರವಾಗಿದೆ: ವಿಜಯ ವಿಠ್ಠಲ ದೇವಸ್ಥಾನದಲ್ಲಿ ಕೊಳ್ಳುವ 40 ರೂಪಾಯಿಯ ಟಿಕೆಟಿನಲ್ಲೇ ಅದೇ ದಿನ ಕಮಲ ಮಹಲಿನ ಆವರಣವನ್ನೂ ಕಮಲಾಪುರದ ವಸ್ತು ಸಂಗ್ರಹಾಲಯವನ್ನೂ ನೋಡಬಹುದು, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಬೇಡ. ಕಂಪನಿ ಕೊಡುವ ರಜಾ ಪ್ರವಾಸ ಭತ್ಯೆಗೆ (ಎಲ್‌ಟಿಎ) ತೆರಿಗೆ ವಿನಾಯಿತಿ ಇದೆಯಲ್ಲ, ಸುತ್ತಿ ಬರೋಣ ಎಂಬ ವಾದವೂ ನಿಲ್ಲುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. ಹಳೆಯದರಲ್ಲೂ ಅದು ಪ್ರಯಾಣದ ಟಿಕೆಟ್ಟಿಗೆ ಮಾತ್ರ, ಅದೂ ಹಲವು ಊರು ಸುತ್ತಿದರೆ ಎಲ್ಲಕ್ಕಿಂತ ದೂರದ ಊರಿಗೆ ಹತ್ತಿರದ ದಾರಿಯ ಲೆಕ್ಕದಲ್ಲಿ. ಬಳಸು ದಾರಿಯ ಖರ್ಚು ನಿಮ್ಮ ಜೇಬಿನದೇ.

ಕೊನೆಯ ಆಕ್ಷೇಪ ಮನಸ್ಸಿಗೆ ಸೇರಿದ್ದು: ವರ್ಷಕ್ಕೊಮ್ಮೆ ಹೋಗುವುದು, ಅದಕ್ಕೂ ಪೈಸೆ ಪೈಸೆ ಲೆಕ್ಕವೇ? ಲೆಕ್ಕ ಬೇಕಾಗಿರುವುದು ವರ್ಷಕ್ಕೊಮ್ಮೆಯಾದರೂ ತಪ್ಪದೆ ಹೋಗಲಿ ಎಂಬ ಕಾರಣಕ್ಕೇ. ಹಂಪಿಯ ನಾಲ್ಕು ದಿನಕ್ಕೆ ಓಡಾಟ 6,400, ದಿನಕ್ಕೆ 2,500ರ ರೂಮಿಗೆ ಮೂರು ರಾತ್ರಿ ತೆರಿಗೆ ಸೇರಿ 7,900 ಸುಮಾರು, ಊಟಕ್ಕೆ ದಿನಕ್ಕೆ 1,500ರಂತೆ 6,000, ಟಿಕೆಟ್ಟು ಮತ್ತು ಸಣ್ಣಪುಟ್ಟದ್ದಕ್ಕೆ 1,700. ಒಟ್ಟು 22,000 ರೂಪಾಯಿ. ಬ್ಯಾಂಕಿನಲ್ಲಿ ಹತ್ತು ತಿಂಗಳ ಆವರ್ತ ಠೇವಣಿ (ಆರ್‌ಡಿ) ತೆರೆದು ತಿಂಗಳಿಗೆ 2,200 ಕಟ್ಟಿದರೆ ಅಸಲು ಇಷ್ಟಾಗುತ್ತದೆ, ಬಡ್ಡಿ ಮೇಲೆ. ಇದೇ ಹಣವನ್ನು ಕಾರ್ಡಿನಲ್ಲಿ ಖರ್ಚು ಮಾಡಿ ಕಂತಿನಂತೆ ಎಳೆಯುತ್ತ ಹೋದರೆ ಬಾಕಿಯ ಮೇಲೆ ತಿಂಗಳಿಗೆ ಶೇ 3ಕ್ಕೂ ಮೀರಿದ ಬಡ್ಡಿ, ಅದರ ಮೇಲೆ ಶೇ 18 ಜಿಎಸ್‌ಟಿ. ಪ್ರವಾಸದ ಫೋಟೊ ಹಳತಾದ ಮೇಲೂ ಸಾಲ ಹೊಸದಾಗಿಯೇ ಇರುತ್ತದೆ.

ಹಾಗಾಗಿ ಈ ಸಲ ಊರುಗಳ ಪಟ್ಟಿ ಬರೆಯುವ ಮೊದಲು ಕ್ಯಾಲೆಂಡರ್ ತೆಗೆಯಿರಿ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನ ಮೊದಲಷ್ಟೇ ತೆರೆಯುತ್ತದೆ. ಅಕ್ಟೋಬರ್ 10ಕ್ಕೆ ಹೊರಡುವವರು ಆಗಸ್ಟ್ 11ರ ಬೆಳಿಗ್ಗೆಯೇ ಕೂರಬೇಕು. ಆದಷ್ಟೂ ಶನಿವಾರ, ಭಾನುವಾರ ತಪ್ಪಿಸಿ ವಾರದ ನಡುವಿನ ದಿನ ಹಿಡಿಯಿರಿ. ಕೊಡಗಿನಂತೆ ರೈಲಿಲ್ಲದ ಕಡೆಗೂ ಇದೇ ಸೂತ್ರ: ಬಸ್ಸಿನಲ್ಲಿ ಮಡಿಕೇರಿ ಸೇರಿ, ಅಲ್ಲೇ ಉಳಿಯಿರಿ. ಮನೆಯವರೆಲ್ಲ ಕೂತು ಒಂದೇ ಒಂದು ಊರಿನ ಹೆಸರು ಒಪ್ಪಿಕೊಳ್ಳಿ, ಉಳಿದ ಹೆಸರುಗಳನ್ನು ಮುಂದಿನ ವರ್ಷಗಳಿಗೆಂದು ಬರೆದಿಡಿ. ನಾಳೆಯೇ ಬ್ಯಾಂಕಿಗೆ ಹೋಗಿ ಆರ್‌ಡಿ ತೆರೆಯಿರಿ.