ನೆರೆಮನೆಯ ದೂರ

ಹೊಸ ಊರಿಗೆ ವಾಸವನ್ನು ಬದಲಾಯಿಸಿದ ವಿದ್ಯಾರ್ಥಿಯು ತಿಂಗಳು ಕಳೆದರೂ ಗೆಳೆಯನೊಬ್ಬನೂ ದೊರೆಯದಿದ್ದರೆ, ದೋಷವೆಲ್ಲವೂ ತನ್ನ ಸ್ವಭಾವದಲ್ಲಿಯೇ ಇದೆಯೆಂದು ಕೊರಗುವುದುಂಟು. ಸ್ವಭಾವವನ್ನು ಹಳಿಯುವ ಮೊದಲು ನಾವು ಬಾಗಿಲು, ಮೆಟ್ಟಿಲುಗಳನ್ನು ವಿಚಾರಿಸೋಣ.

ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ವಿವಾಹಿತ ವಿದ್ಯಾರ್ಥಿಗಳ ವಸತಿಗಳಲ್ಲಿ ಫೆಸ್ಟಿಂಗರ್, ಷಾಕ್ಟರ್, ಬ್ಯಾಕ್ ಎಂಬ ಮೂವರು ನಡೆಸಿದ ಅಧ್ಯಯನವು 1950ರಲ್ಲಿ ಪ್ರಕಟವಾಯಿತು. ಅಲ್ಲಿ ಮನೆಯನ್ನು ಆರಿಸಿಕೊಳ್ಳುವ ಅವಕಾಶವಿರಲಿಲ್ಲ, ತೆರವಾದುದನ್ನು ಕೊಡಲಾಗುತ್ತಿತ್ತು. ಆದುದರಿಂದ ಗೆಳೆಯರು ಬೇಕೆಂದೇ ಅಕ್ಕಪಕ್ಕದಲ್ಲಿ ನೆಲಸಿದರೆನ್ನುವಂತಿಲ್ಲ. ವೆಸ್ಟ್‌ಗೇಟ್ ವೆಸ್ಟ್ ಎಂಬ ಭಾಗದ ಕಟ್ಟಡಗಳಲ್ಲಿ ಅಂತಸ್ತಿಗೆ ಐದು ಮನೆಗಳು. ಸ್ನೇಹಿತರೆಂದು ಹೆಸರಿಸಬಹುದಾಗಿದ್ದ ಪಕ್ಕದ ಮನೆಯವರಲ್ಲಿ ನಿಜವಾಗಿ ಹೆಸರಿಸಲ್ಪಟ್ಟವರು ನೂರಕ್ಕೆ 41. ನಡುವೆ ಒಂದು ಮನೆಯಿದ್ದರೆ 22. ಸಾಲಿನ ಎರಡು ತುದಿಗಳ ನಡುವೆ ಕೇವಲ 10. ಭೌತಶಾಸ್ತ್ರದ ಅಭ್ಯಾಸಬಲದಿಂದ ನಾವು ಇಲ್ಲಿಯೂ ಸೂತ್ರವನ್ನು ಅರಸುತ್ತೇವೆ: ಗುರುತ್ವದಂತೆ ದೂರದ ವರ್ಗಕ್ಕೆ ವಿಲೋಮವಾಗಿದ್ದರೆ, ದೂರವು ಇಮ್ಮಡಿಸಿದಾಗ 41 ಕಾಲುಭಾಗಕ್ಕೆ ಇಳಿಯಬೇಕಿತ್ತು, ಇಳಿದುದು ಸುಮಾರು ಅರ್ಧಕ್ಕೆ. (ಇದನ್ನು ನಿಯಮವೆಂದು ಯಾರೂ ಕಂಠಪಾಠ ಮಾಡದಿರಲಿ!)

ಗಜಕಡ್ಡಿಯ ದೂರವೊಂದೇ ಸಾಲದು. ಮೆಟ್ಟಿಲ ಬುಡದ ಮನೆಯವರಿಗೆ ಮಹಡಿಯಲ್ಲಿಯೂ ಹೆಚ್ಚು ಸ್ನೇಹಿತರಿದ್ದರು. ಮೇಲಿನವರು ಹಾದುಹೋಗುತ್ತಿದ್ದುದು ಅವರ ಬಾಗಿಲ ಮುಂದೆಯೇ ಅಲ್ಲವೆ? ಅಂಚೆಪೆಟ್ಟಿಗೆಗಳ ಬಳಿಯ ಮನೆಗೂ ಅದೇ ಭಾಗ್ಯ. ವಿದ್ಯಾರ್ಥಿನಿಲಯದಲ್ಲಿ ಮೂಲೆಯ ಕೊಠಡಿ ದೊರೆತವನು ನಲ್ಲಿಯ ಬಳಿಯಲ್ಲಿಯೋ ಊಟದ ಮನೆಯಲ್ಲಿಯೋ ದಿನವೂ ಒಂದೇ ವೇಳೆಗೆ ಕಾಣಿಸಿಕೊಂಡರೆ, ಕೊಠಡಿಯ ಕೊರತೆಯು ಬಹುಮಟ್ಟಿಗೆ ನೀಗೀತು.