ಕಲಾವಿದರು ಎದುರಿಗೇ ಸಿಗುವ ಗ್ಯಾಲರಿಗಳು

ಬೆಂಗಳೂರಿನಲ್ಲಿ ಇಂದಿನ ಚಿತ್ರ, ಶಿಲ್ಪಗಳನ್ನು ನೋಡಬೇಕೆನ್ನುವವರು ಮೊದಲು ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಹೋಗುವುದು ಒಳ್ಳೆಯದು. ಎಂ.ಎಸ್. ನಂಜುಂಡರಾವ್ ಮತ್ತು ಸಂಗಡಿಗರು 1960ರಲ್ಲಿ ಕಟ್ಟಿದ ಸಂಸ್ಥೆ ಇದು. ಇಲ್ಲಿನ ಗ್ಯಾಲರಿಗಳನ್ನು ಕಲಾವಿದರು ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಪಡೆದು ತಮ್ಮ ಕೃತಿಗಳನ್ನು ಪ್ರದರ್ಶಿಸುತ್ತಾರೆ. ಈ ವಾರ ಕಂಡದ್ದು ಮುಂದಿನ ವಾರಕ್ಕೆ ಇರದೆ ಹೋಗಬಹುದು. ಹೊರಡುವ ಮುನ್ನ ಯಾವ ಪ್ರದರ್ಶನ ನಡೆಯುತ್ತಿದೆ ಎಂದು ವಿಚಾರಿಸಿಕೊಳ್ಳಬೇಕು.

ಬಾಡಿಗೆಯ ಈ ವ್ಯವಸ್ಥೆಯಿಂದ ನೋಡುಗರಿಗೊಂದು ದೊಡ್ಡ ಲಾಭವಿದೆ. ಚಿತ್ರ ಬರೆದವರೇ ಬಹಳ ಸಲ ಅದೇ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅರ್ಥವೇನೆಂದು ಕೇಳುವುದಕ್ಕಿಂತ, ಹೇಗೆ ಮಾಡಿದಿರಿ ಎಂದು ಕೇಳಿದರೆ ಮಾತು ಬೇಗ ಬಿಚ್ಚಿಕೊಳ್ಳುತ್ತದೆ: ತೈಲವರ್ಣವೋ ಅಕ್ರಿಲಿಕ್ಕೋ, ಯಾವ ಬಣ್ಣ ಮೊದಲು ಬಿತ್ತು, ಎಲ್ಲಿ ಅಳಿಸಿದರು. ಮುದ್ರಣ ಕಲೆಯ ಹಾಳೆಯ ಅಂಚಿನಲ್ಲಿ 3/10 ಎಂದು ಪೆನ್ಸಿಲ್‌ನಲ್ಲಿ ಬರೆದಿದ್ದರೆ, ಅದು ಹತ್ತು ಪ್ರತಿಗಳಲ್ಲಿ ಮೂರನೆಯದು. ಹೆಸರಿನ ಚೀಟಿಯ ಪಕ್ಕದಲ್ಲಿ ಕೆಂಪು ಚುಕ್ಕೆ ಅಂಟಿಸಿದ್ದರೆ ಕೃತಿ ಮಾರಾಟವಾಗಿದೆ ಎಂದರ್ಥ. ಬೆಲೆ ಕೇಳಲು ಸಂಕೋಚ ಬೇಡ. ಕೊಳ್ಳದಿದ್ದರೂ ಯಾರೂ ಬೇಸರಿಸುವುದಿಲ್ಲ.

ಶಿಲ್ಪಕ್ಕೆ ಇನ್ನಷ್ಟು ಸಮಯ ಕೊಡಬೇಕು. ಮುಂದಿನಿಂದ ಒಮ್ಮೆ ನೋಡಿ ಸರಿದವರಿಗೆ ಅರ್ಧ ಕೆಲಸವೇ ಕಾಣದು. ಸುತ್ತ ನಡೆದು, ಬಗ್ಗಿ, ಹಿಂಬದಿಗೂ ಹೋಗಿ ನೋಡಿದಾಗ ಕಂಚಿನ ಎರಕಕ್ಕೂ ಕಲ್ಲಿನ ಕೆತ್ತನೆಗೂ ಮೈಯಲ್ಲೇ ಇರುವ ವ್ಯತ್ಯಾಸ ತಿಳಿಯುತ್ತದೆ. ಮುಟ್ಟುವ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು: ಬೆರಳಿನ ಬೆವರು ಲೋಹದ ಮೇಲೆ ಕಲೆ ಮಾಡುತ್ತದೆ.

ಪರಿಷತ್ತಿನ ಶಾಶ್ವತ ಸಂಗ್ರಹದಲ್ಲಿ ರಷ್ಯಾ ಮೂಲದ ರೋರಿಚ್ ಕುಟುಂಬದ ಕಲಾವಿದರ ಚಿತ್ರಗಳು, ಮೈಸೂರು ಶೈಲಿಯ ಚಿತ್ರಗಳು, ತೊಗಲುಗೊಂಬೆಗಳಿವೆ. ತೊಗಲುಗೊಂಬೆಗಳನ್ನಂತೂ ತಪ್ಪಿಸಬಾರದು.

ಚಿತ್ರಸಂತೆ ಜನವರಿಯ ಒಂದು ಭಾನುವಾರ ಇದೇ ರಸ್ತೆಯಲ್ಲಿ ನಡೆಯುತ್ತದೆ. ಸಾವಿರಕ್ಕೂ ಹೆಚ್ಚು ಕಲಾವಿದರು ಬಂದು ಕೂರುತ್ತಾರೆ. ಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ, ಆದರೆ ಒಂದೇ ಚಿತ್ರದ ಮುಂದೆ ನಿಂತು ನೋಡಬೇಕೆನ್ನುವವರಿಗೆ ವಾರದ ನಡುವಿನ ಬೆಳಗ್ಗೆಯೇ ಸರಿ. ಸಂತೆಗೆ ಹೋಗುವವರು ಕಾರು ಬಿಟ್ಟು ಮೆಟ್ರೊ ಹಿಡಿಯಲಿ.

ಅಲ್ಲಿಂದ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಆಟೋದಲ್ಲಿ ಸ್ವಲ್ಪವೇ ದಾರಿ. ಹಳೆಯ ಮಾಣಿಕ್ಯವೇಲು ಬಂಗಲೆಯನ್ನು ನವೀಕರಿಸಿ, ಪಕ್ಕದಲ್ಲಿ ಹೊಸ ಕಟ್ಟಡ ಸೇರಿಸಿ 2009ರಲ್ಲಿ ತೆರೆದ ಗ್ಯಾಲರಿ ಇದು. ಪರಿಷತ್ತಿನ ಗಿಜಿಗಿಜಿಯ ನಂತರ ಇಲ್ಲಿನ ಮರಗಳ ನೆರಳು, ದೊಡ್ಡ ಗೋಡೆಗಳು ಕಣ್ಣಿಗೆ ಬಿಡುವು ಕೊಡುತ್ತವೆ. ಪ್ರವೇಶಕ್ಕೆ ಟಿಕೆಟ್ ಇದೆ, ಸೋಮವಾರ ರಜೆ. ಫೋಟೊ ತೆಗೆಯುವ ಮುನ್ನ ಕೌಂಟರಿನಲ್ಲಿ ಕೇಳಿಕೊಳ್ಳುವುದು ವಾಸಿ.

ಇನ್ನರ್ಧ ದಿನ ಕೈಯಲ್ಲಿದ್ದವರು ಕಸ್ತೂರಬಾ ರಸ್ತೆಯನ್ನೂ ಸೇರಿಸಿಕೊಳ್ಳಬಹುದು. ಅವನೀಂದ್ರನಾಥ ಠಾಕೂರರ ಶಿಷ್ಯರಾದ ಕೆ. ವೆಂಕಟಪ್ಪನವರ (1886–1965) ಹೆಸರಿನ ಸರ್ಕಾರಿ ಗ್ಯಾಲರಿ ಇರುವುದು ಇಲ್ಲಿ. ಇದನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಯೋಜನೆಯ ವಿರುದ್ಧ ನಗರದ ಕಲಾವಿದರೇ ಹೋರಾಟಕ್ಕಿಳಿದಿದ್ದರು. 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಕೂಡ ಇದೇ ರಸ್ತೆಯಲ್ಲಿದೆ. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಎರಡಕ್ಕೂ ನಡೆದೇ ಹೋಗಬಹುದು.