ಎಫ್‌ಎಂಸಿ ಮತ್ತು ಅಪೂರ್ಣ ನ್ಯಾವಿಗೇಷನ್ ದತ್ತಾಂಶ

ವಿಮಾನದ ಮಾರ್ಗ ಲೆಕ್ಕ ಹಾಕುವುದು ಫ್ಲೈಟ್ ಮ್ಯಾನೇಜ್‌ಮೆಂಟ್ ಕಂಪ್ಯೂಟರ್, ಅಂದರೆ ಎಫ್‌ಎಂಸಿ. ನಿಲ್ದಾಣ, ರನ್‌ವೇ, ವೇಪಾಯಿಂಟ್, ಆಗಮನ-ನಿರ್ಗಮನ ಮಾರ್ಗಗಳೆಲ್ಲ ಅದರ ಡೇಟಾಬೇಸ್‌ನಲ್ಲಿರುತ್ತವೆ. ದಾಖಲಿಸುವ ಮಾದರಿ ಏರಿಂಕ್ 424. ಪರಿಷ್ಕರಣೆ ಏರಾಕ್ ಎಂಬ ಅಂತರರಾಷ್ಟ್ರೀಯ ಚಕ್ರದಂತೆ 28 ದಿನಗಳಿಗೊಮ್ಮೆ, ಜಾರಿ ಗುರುವಾರ. ಪರೀಕ್ಷೆಯಲ್ಲಿ ‘ತಿಂಗಳಿಗೊಮ್ಮೆ’ ಎಂಬ ಆಯ್ಕೆ ಕೊಟ್ಟರೆ ಮೋಸಹೋಗಬೇಡಿ.

ಹಳೆಯ ಎಫ್‌ಎಂಸಿಗಳಿಗೆ ಮೆಮೊರಿ ಕಡಿಮೆ. ಹಾಗಾಗಿ ಏರ್‌ಲೈನ್‌ಗಳು ತಮಗೆ ಬೇಕಾದಷ್ಟನ್ನೇ ತುಂಬಿಸುತ್ತವೆ. ಅದರಲ್ಲಿಲ್ಲದ ಬಿಂದುವಿನ ಹೆಸರು ಒತ್ತಿದರೆ ಬೋಯಿಂಗ್ ಪರದೆಯ ಕೆಳಸಾಲಿನಲ್ಲಿ ‘ನಾಟ್ ಇನ್ ಡೇಟಾಬೇಸ್’ ಎಂದು ಮೂಡುತ್ತದೆ. ದಾರಿಯ ಬಿಂದುವಾದರೆ ಪೈಲಟ್ ಅಕ್ಷಾಂಶ-ರೇಖಾಂಶ ಕೊಟ್ಟು ಮುಂದುವರಿಯಬಹುದು. ಆರ್‌ಎನ್‌ಪಿ, ಅಂದರೆ ನಿಗದಿತ ನಿಖರತೆ ಬೇಡುವ ಅಪ್ರೋಚ್ ಅನ್ನು ಮಾತ್ರ ಡೇಟಾಬೇಸ್‌ನಿಂದಲೇ ತೆಗೆಯಬೇಕು, ಕೈಯಾರೆ ಕಟ್ಟುವಂತಿಲ್ಲ.

ಅದೇಕೆ ಎಂಬುದಕ್ಕೆ ವಾಷಿಂಗ್ಟನ್‌ನ ರೇಗನ್ ನ್ಯಾಷನಲ್ ನಿಲ್ದಾಣ ನೋಡಿ. ರನ್‌ವೇ 19ರ ಆರ್‌ಎನ್‌ಪಿ ಮಾರ್ಗ ಪೊಟೊಮ್ಯಾಕ್ ನದಿಯ ತಿರುವುಗಳನ್ನೇ ಹಿಡಿದು ಬರುತ್ತದೆ. ಪಕ್ಕದಲ್ಲೇ ಶ್ವೇತಭವನ, ಕ್ಯಾಪಿಟಲ್ ಇರುವ ಪಿ-56 ನಿಷೇಧಿತ ವಾಯುಪ್ರದೇಶ. ರನ್‌ವೇ ಬದಲಾವಣೆಗೆ ಅಟ್ಲಾಂಟಾ ನೋಡಿ: ಅಲ್ಲಿ ಸಮಾಂತರ ರನ್‌ವೇಗಳೇ ಐದು. ಕೊನೆಗಳಿಗೆಯಲ್ಲಿ ರನ್‌ವೇ ಬದಲಾದರೆ ನಿರ್ಗಮನ ಮಾರ್ಗವನ್ನೂ ಮತ್ತೆ ಆರಿಸಬೇಕು. ಮಾರ್ಗದ ಕೊಂಡಿ ತಪ್ಪಿದ ಕಡೆ ‘ಡಿಸ್ಕಂಟಿನ್ಯುಟಿ’ ಕಾಣುತ್ತದೆ.

ಪರೀಕ್ಷೆಗೆ ಒದಗುವ ದುರಂತ: 1995ರ ಡಿಸೆಂಬರ್ 20, ಕೊಲಂಬಿಯಾದ ಕಾಲಿ ಬಳಿ ಅಮೆರಿಕನ್ ಏರ್‌ಲೈನ್ಸ್ 965. ಪೈಲಟ್‌ಗಳಿಗೆ ಬೇಕಿದ್ದದ್ದು ರೋಸೊ ಎಂಬ ರೇಡಿಯೊ ಬೀಕನ್. ‘ಆರ್’ ಎಂದಷ್ಟೇ ಒತ್ತಿದ್ದಕ್ಕೆ ಎಫ್‌ಎಂಸಿ ವಿಮಾನವನ್ನು ಬೊಗೊಟಾ ಬಳಿಯ ರೋಮಿಯೊ ಬೀಕನ್ ಕಡೆ ತಿರುಗಿಸಿತು. 159 ಮಂದಿ ಸತ್ತರು. ಭಾರತದಲ್ಲಿ ಡೇಟಾಬೇಸ್‌ಗೆ ಬೇಕಾದ ಮೂಲ ಮಾಹಿತಿ ಪ್ರಕಟಿಸುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ.